ಗಾಡಿ ಮಾರಿದ ಮ್ಯಾಲ ಬರೀಲಿಕತ್ತೀನಿ: ವಿಜಯಪುರದ ನೆರಳು, ನೀರು, ಅಗಸಿ

ಹಳೇ ಅಂಬಾಸಿಡರ್:

ಎಲ್ಲಾರಿಗೂ ನಮಸ್ಕಾರ್ರಿ. ಇಲ್ಲಿ ವಿಜಯಪುರದ ಬಗ್ಗೆ ಭಾಳ ಮಂದಿ ಫೋಟೋ ಹಾಕ್ತೀರಿ, ಇತಿಹಾಸ ಬರೀತೀರಿ. ಎಲ್ಲಾ ಓದ್ತೀನಿ. ನಾನು ಸ್ಟೇಶನ್ ರೋಡಿನಾಗ ಟ್ಯಾಕ್ಸಿ ಹೊಡದವ. ಮೊದಲು ಅಂಬಾಸಿಡರ್, ಆಮ್ಯಾಲ ಟ್ರ್ಯಾಕ್ಸ್, ಕಡೀಕ ಇಂಡಿಕಾ. ಮೊಣಕಾಲು ಕ್ಲಚ್ ತುಳಿಯಾಕ ಆಗಲಾರದಂಗ ಆತು, ಗಾಡಿ ಮಾರಿದೆ. ಈಗ ಮನಿಯಾಗ ಕುಂತಾಗ ತಲಿಯಾಗ ಇದ್ದದ್ದನ್ನ ಬರದಿಡಬೇಕು ಅನಸೇತಿ.

ಪಾರ್ಟಿ, ಅಂದ್ರ ಗಾಡಿ ಬಾಡಿಗಿ ಹಿಡದ ಮಂದಿ, ಒಳಗ ಹೋಗಿ ನೋಡಿ ಬರೂ ಮಟಾ ಡ್ರೈವರ್ ಹೊರಗ ಕಾಯ್ತಾನ. ಬ್ಯಾಸಗಿಯಾಗ ಕಾಯೂ ಮನಷ್ಯಾಗ ಎರಡ ಚಿಂತಿ. ಕುಂದ್ರಾಕ ನೆರಳು ಎಲ್ಲೈತಿ, ಕುಡ್ಯಾಕ ನೀರು ಎಲ್ಲೈತಿ. ಅವನ್ನ ಹುಡುಕಿಕೋಂತ ಹೋದಾಗ ನನಗ ಈ ಊರಿನ ಕಟ್ಟಡ ತಿಳಿಯಾಕ ಹತ್ತಿದ್ವು. ಆದಿಲ್‌ಶಾಹಿ ಕಾಲದಾಗ ಇದನ್ನ ಕಟ್ಟಿದವರು ಈ ಎರಡೂ ಚಿಂತಿಗೆ ಉತ್ತರ ಕೊಟ್ಟ ಕಟ್ಟ್ಯಾರ. ನಾವು ಈಗ ಕಟ್ಟೂ ಊರಿನಾಗ ಆ ಉತ್ತರ ಇಲ್ಲ. ನನ್ನ ಮಾತು ಇಷ್ಟ, ಆದ್ರ ಬಿಡಿಸಿ ಹೇಳಬೇಕು.

ಇಬ್ರಾಹಿಂ ರೋಜಾ ತಗೋರಿ. ನಮ್ಮ ಊರಾಗ ಮೇ ಮೊದಲ ವಾರದಾಗ ಮಧ್ಯಾಹ್ನ ಸೂರ್ಯ ಬರೋಬ್ಬರಿ ನೆತ್ತಿ ಮ್ಯಾಲ ಇರ್ತಾನ. ಎಂಥಾ ಎತ್ತರದ ಗ್ವಾಡಿ ಇದ್ರೂ ಆ ಹೊತ್ತಿನಾಗ ಅದರ ನೆರಳು ಬುಡಕ್ಕ ಹೋಗಿ ಸೇರ್ತೈತಿ, ಬಾಜೂಕ ನಿಂತವಗ ಏನೂ ಸಿಗೂದಿಲ್ಲ. ಗ್ವಾಡಿ ಎತ್ತರ ಇದ್ರ ಸಾಲೂದಿಲ್ಲ, ಅದಕ್ಕ ಮ್ಯಾಲಿಂದ ಮುಂದ ಚಾಚಿದ ಛಜ್ಜಾ ಬೇಕು, ಪಡಸಾಲಿ ಬೇಕು. ರೋಜಾದಾಗ ಗೋರಿಯ ಕೋಣಿ ಸುತ್ತ ಎರಡು ಸುತ್ತು ಪಡಸಾಲಿ ಐತಿ. ಹೊರಗಿನ ಸುತ್ತಿನಾಗ ನಿಂತ್ರ ಬಿಸಿಲು ತಪ್ಪತೈತಿ, ಒಳಗಿನ ಸುತ್ತಿಗೆ ಹೋದ್ರ ಬಿಸಿಗಾಳಿನೂ ತಪ್ಪತೈತಿ. ಮ್ಯಾಲ ಕಲ್ಲಿನ ಛಜ್ಜಾ ಎಷ್ಟು ಮುಂದ ಬಂದೈತಿ, ಅದನ್ನ ಹೊತ್ತ ಕಲ್ಲಿನ ಕೈಗಳ ಕೆತ್ತನಿ ಹೆಂಗೈತಿ, ಒಮ್ಮೆ ತಲಿ ಎತ್ತಿ ನೋಡ್ರಿ. ಕಿಟಕಿ ಜಾಲಿಯಾಗ ಅರಬ್ಬಿ ಅಕ್ಷರಾನ ಕೊರದು ಜಾಲಿ ಮಾಡ್ಯಾರ. ಅಕ್ಷರದ ಸಂದಿನಾಗಿಂದ ಬೆಳಕು ಒಳಗ ಬರ್ತೈತಿ, ಧಗಿ ಬರೂದಿಲ್ಲ. 1580ರಿಂದ 1627ರ ಮಟಾ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಗೋರಿ ಅದು, ಕಟ್ಟಿದವ ಮಲಿಕ್ ಸಂದಲ್. ತಾಜ್‌ಮಹಲಿಗೆ ಇದ ಮಾದರಿ ಅಂತ ಗೈಡ್ ಹೇಳೂದನ್ನ ಎಷ್ಟೋ ಸಲ ಕೇಳೇನಿ. ಆ ಮಾತು ಹೇಳದಿದ್ರೂ ರೋಜಾದ ಬೆಲಿ ಏನೂ ಕಡಿಮಿ ಆಗೂದಿಲ್ಲ.

ಇನ್ನ ನೀರು. ಹಳೇ ಕೋಟಿ ಗ್ವಾಡಿ ಸುಮಾರು 10 ಕಿಲೋಮೀಟರ್ ಸುತ್ತು ಐತಿ. ಅದಕ್ಕ ಐದು ದೊಡ್ಡ ಅಗಸಿ, ಅಂದ್ರ ಹೆಬ್ಬಾಗಲಾ. ಪಶ್ಚಿಮಕ್ಕ ಮಕ್ಕಾ, ವಾಯವ್ಯಕ್ಕ ಶಹಾಪುರ, ಉತ್ತರಕ್ಕ ಬಹಮನಿ, ಪೂರ್ವಕ್ಕ ಅಲ್ಲಾಪುರ, ದಕ್ಷಿಣಕ್ಕ ಮನಗೂಳಿ. ಮಕ್ಕಾ ಅಗಸಿ ದಾಟಿ ಒಳಗ ಬರ್ತಿದ್ದಂಗ ತಾಜ್ ಬಾವಡಿ, ಪಾವಟಿಗಿ ಇಳದ ಹೋಗೂ ದೊಡ್ಡ ಬಾವಿ. ಶಹಾಪುರ ಅಗಸಿ ಹತ್ರ ಚಾಂದ ಬಾವಡಿ. ತಾಜ್ ಬಾವಡಿಯ ಕಮಾನಿನ ಎರಡೂ ಕಡೆ ಬುರುಜು, ಅವುಕ್ಕ ಹೊಂದಿ ಬಂದವರು ಇಳಕೊಳ್ಳೂ ಕೋಣಿಗಳು. ದೂರದಿಂದ ಬಂದ ಮನಷ್ಯಾ ಅಗಸಿ ದಾಟಿದ ಕೂಡ್ಲೆ ಅವಗ ನೀರು, ನೆರಳು, ಮಲಗಾಕ ಜಾಗಾ. ಬಸ್ ಸ್ಟ್ಯಾಂಡಿಗೆ ಹೊಂದಿ ಧರ್ಮಶಾಲಿ ಕಟ್ಟಿದಂಗ ಇದು. ಪ್ರಯಾಣ ಮಾಡೂ ಮನಷ್ಯಾನ ಕಷ್ಟ ತಿಳದವರು ಮಾಡಿದ ಕೆಲಸ. ಡ್ರೈವರ್ ಆದವಗ ಅದು ಮನಸಿಗೆ ತಟ್ಟತೈತಿ.

ಈಗಿನ ಹೊಸಾ ಬಡಾವಣಿ ನೋಡ್ರಿ. ಮುಂದ ಪೂರ್ತಿ ಗ್ಲಾಸ್, ಛಜ್ಜಾ ಗೇಣುದ್ದ, ಮನಿ ಮುಂದ ಕಟ್ಟಿ ಇಲ್ಲ. ನಡದ ಹೋಗೂ ಮನಷ್ಯಾಗ ಒಂದು ಗಿಡದ ನೆರಳಿಲ್ಲ. ಪಾರ್ಟಿಗಳು ಗೋಳಗುಮ್ಮಟ ನೋಡಿ, ಎರಡು ತಾಸಿನಾಗ ಆಲಮಟ್ಟಿಗೆ ಹೊಂಟಬಿಡ್ತಾರ. ಊರು ನೋಡೂದಿಲ್ಲ. ನಮ್ಮ ಮಕ್ಕಳೂ ನೋಡೂದಿಲ್ಲ ಅನ್ನೂದು ನನಗ ಭಾಳ ಬ್ಯಾಸರ. ನಿಮಗೆಲ್ಲಾ ಏನ ಅನಸ್ತೈತಿ ಹೇಳ್ರಿ.

ಗಾಂಧಿ ಚೌಕ ಹುಡುಗ:

ಕಾಕಾ, ಭಾಳ ಛಲೋ ಬರದೀರಿ. ಬಾವಡಿ ಅಗಸಿ ಹತ್ರನ ಯಾಕ ಅದಾವ ಅಂತ ನಾ ಒಮ್ಮೆನೂ ವಿಚಾರ ಮಾಡಿದ್ದಿಲ್ಲ, ದಿನಾ ಆ ರೋಡಿನಾಗ ಹೋಗ್ತೀನಿ. ಹುಬ್ಬಳ್ಳಿಯಿಂದ ಅತ್ತಿ, ಮಾವ ಬರಾಕತ್ತಾರ, ಮಾವಗ ಮೊಣಕಾಲು ಬ್ಯಾನಿ. ಗುಮ್ಮಟಕ್ಕ ಯಾವಾಗ ಕರಕೊಂಡ ಹೋಗಲಿ?

ಹಳೇ ಅಂಬಾಸಿಡರ್:

ತಮ್ಮಾ, ಮುಂಜಾನೆ ಬಾಗಲಾ ತಗದ ಕೂಡ್ಲೆ ಹೋಗು. ಮೂಲಿ ಬುರುಜಿನಾಗ ಪಾವಟಿಗಿ ಸಣ್ಣ, ಕಡಿದು, ಏಳು ಅಂತಸ್ತು ಹತ್ತಬೇಕು. ಮೊಣಕಾಲು ಬ್ಯಾನಿ ಇದ್ದವರನ್ನ ಹತ್ತಸಬ್ಯಾಡ. ಅವರನ್ನ ಕೆಳಗಿನ ಹಾಲಿನಾಗ ನಡುವ ನಿಲ್ಲಿಸಿ ಮ್ಯಾಲ ನೋಡಸು. ಮ್ಯಾಲ ಹೋಗೂದ ಕಷ್ಟ ಖರೆ, ಆದ್ರ ಕೆಳಗ ನಿಂತ್ರನ ಗುಮ್ಮಟ ಎಷ್ಟು ದೊಡ್ಡದು ಅನ್ನೂದು ತಿಳೀತೈತಿ. ನೀವು ಹತ್ತಿದ್ರ ಸಾಲಿ ಹುಡುಗರ ಟ್ರಿಪ್ ಬರೂ ಮೊದಲ ಹತ್ರಿ. ಒಮ್ಮೆ ಚೀರಾಟ ಶುರು ಆತಂದ್ರ ಪಿಸುಮಾತು ಕೇಳಸೂದಿಲ್ಲ. ಎದರ ಬದರ ಕುಂತು ಗ್ವಾಡಿಗೆ ಬಾಯಿ ಹಚ್ಚಿ ಮೆಲ್ಲಕ ಮಾತಾಡಿದ್ರ ಗುಮ್ಮಟದ ಆ ಕಡೆ ಕುಂತವರ ಕಿವಿಗೆ ಬರೋಬ್ಬರಿ ಮುಟ್ಟತೈತಿ. ಚಪ್ಪಾಳಿ ಹೊಡಿಯೂದರಾಗ ಏನ ಸುಖಾ ಐತಿ, ಆ ಪಿಸುಮಾತಿನಾಗ ಐತಿ ಸುಖಾ.

ಗಚ್ಚು ಇಟ್ಟಿಗೆ:

ಸಿವಿಲ್ ಇಂಜಿನಿಯರ್ ಆಗಿ ಒಂದು ಮಾತು. ನಿಮ್ಮ ನೆರಳಿನ ವಾದ ರೋಜಾಕ್ಕೆ ಸರಿ. ಗೋಳಗುಮ್ಮಟಕ್ಕೆ ಅದು ಪೂರ್ತಿ ಹೊಂದುವುದಿಲ್ಲ ಅನಿಸುತ್ತದೆ. ಅದನ್ನು ಕಟ್ಟಿಸಿದ ಮೊಹಮ್ಮದ್ ಆದಿಲ್‌ಶಾಹನ ಮನಸ್ಸಿನಲ್ಲಿ ಇದ್ದದ್ದು ಗಾತ್ರ. ಅವನು 1656ರಲ್ಲಿ ತೀರಿಕೊಂಡ. ಒಳಗಿನ ಹಾಲು ಚೌಕವಾಗಿದೆ, ಒಂದೊಂದು ಬದಿ ಸುಮಾರು 41 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಮೇಲಿನ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್.

ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸುವುದು ಹೇಗೆ ಅನ್ನುವುದೇ ಇಲ್ಲಿಯ ಜಾಣತನ. ನಾಲ್ಕು ಗೋಡೆಗಳ ಒಳಗೆ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸುತ್ತಾ ಏಳುತ್ತವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ತಿರುಗಿಸಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ ಸಿಗುತ್ತದಲ್ಲ, ನೆಲದ ಮೇಲೆ ಆ ನಕ್ಷೆ. ಕಮಾನುಗಳು ಮೇಲೇರುತ್ತಾ ಒಳಕ್ಕೆ ಬಾಗುತ್ತವೆ, ತೆರಪು ಕಿರಿದಾಗಿ ದುಂಡಗಾಗುತ್ತದೆ. ಆ ದುಂಡಿನ ಅಂಚಿನಿಂದ ಹಿಂದಕ್ಕೆ ಸರಿದು ಗುಮ್ಮಟ ಕೂತಿದೆ, ನಡುವೆ ಉಳಿದ ಜಾಗವೇ ಪಿಸುಮಾತಿನ ಗ್ಯಾಲರಿ. ಗುಮ್ಮಟ ತನ್ನ ಭಾರಕ್ಕೆ ಹೊರಗೆ ಸರಿಯಲು ನೋಡುತ್ತದೆ. ಒಳಕ್ಕೆ ಬಾಗಿದ ಈ ಕಮಾನುಗಳ ಭಾರ ಅದನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಕಬ್ಬಿಣದ ಸರಳಿಲ್ಲ, ಸಿಮೆಂಟಿಲ್ಲ. ಗುಮ್ಮಟ ಪೂರ್ತಿ ಇಟ್ಟಿಗೆ ಮತ್ತು ಗಚ್ಚು, ಬುಡದಲ್ಲಿ ಸುಮಾರು 3 ಮೀಟರ್ ದಪ್ಪ. ಕಾಲೇಜಿನಲ್ಲಿ ನಮಗೆ ಹೊರದೇಶದ ಗುಮ್ಮಟಗಳ ಚಿತ್ರ ತೋರಿಸಿ ಪಾಠ ಮಾಡಿದರು. ಕಿಟಕಿ ತೆಗೆದರೆ ಕಾಣುವ ಗುಮ್ಮಟದ ಬಗ್ಗೆ ಒಂದು ತಾಸಿನ ಪಾಠವೂ ಆಗಲಿಲ್ಲ. ಅದು ನನಗೆ ಇವತ್ತಿಗೂ ನೋವು.

ಹಳೇ ಅಂಬಾಸಿಡರ್:

ಸರ್, ಇದನ್ನ ಇಷ್ಟು ಬಿಡಿಸಿ ಯಾವ ಗೈಡ್ ಬಾಯಾಗೂ ಕೇಳಿದ್ದಿಲ್ಲ. ಗುಮ್ಮಟ ಗಾತ್ರದ ಸಲುವಾಗಿ ಕಟ್ಟಿದ್ದು ಅನ್ನೂದನ್ನ ಒಪ್ಪತೀನಿ. ಆದ್ರ ಸುತ್ತ ಎದ್ದ ಕಾಣೂ ಆ ದೊಡ್ಡ ಛಜ್ಜಾ ಬರೇ ಅಂದಕ್ಕ ಇಟ್ಟದ್ದಲ್ಲ ಅಂತ ನನಗ ಅನಸ್ತೈತಿ. ಮಳಿ ನೀರು ಗ್ವಾಡಿ ಮ್ಯಾಲ ಹರೀಬಾರದು, ಬಿಸಿಲು ನೇರ ಬೀಳಬಾರದು, ಅದಕ್ಕೂ ಆ ಛಜ್ಜಾ ಬೇಕು. ಒಳಗ ಹೋದ್ರ ಹೊರಗಿನ ಧಗಿ ಮರತ ಹೋಗ್ತೈತಿ, ಗ್ವಾಡಿ ಅಷ್ಟು ದಪ್ಪ.

ಅರಕಿಲ್ಲಾ ಓಣಿ:

ಅಣ್ಣಾರ, ನೀವು ಬರದದ್ದು ಓದಿ ಖುಷಿ ಆತು, ಆದ್ರ ನನ್ನದೊಂದು ಬ್ಯಾರೆ ಮಾತು ಐತಿ. ಹಳೇದನ್ನ ಹೊಗಳೂದು ಹೊರಗ ಗಾಡಿ ನಿಲ್ಲಿಸಿದವರಿಗೆ ಸುಲಭ. ಅದರ ಬಾಜೂಕ ಬಾಳೇವು ಮಾಡೂದು ಕಷ್ಟ. ನಮ್ಮದು ಮಣ್ಣಿನ ಮಾಳಗಿ ಮನಿ, ಒಂದು ಸ್ಮಾರಕದ ಹತ್ರ. ಕಾನೂನು ಏನಂತೈತಿ ಎಲ್ಲಾರಿಗೂ ಗೊತ್ತಿರಲಿ. ರಾಷ್ಟ್ರೀಯ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅಲ್ಲಿ ಹೊಸಾ ಕಟ್ಟಡ ಕಟ್ಟಂಗಿಲ್ಲ. ಅದರಾಚೆ ಇನ್ನ 200 ಮೀಟರ್ ನಿಯಂತ್ರಿತ, ಅಲ್ಲಿ ಪರವಾನಗಿ ತಗೊಂಡ ಕಟ್ಟಬೇಕು. 2010ರಾಗ ತಿದ್ದುಪಡಿ ಆಗಿ ಬಿಗಿ ಆದ ಕಾನೂನು ಇದು. ರಿಪೇರಿಗೂ ಪರವಾನಗಿ ಬೇಕು. ನಮ್ಮ ಊರಾಗ ಹೆಜ್ಜಿಗೊಂದು ಸ್ಮಾರಕ, ಹಿಂಗಾಗಿ ಓಣಿ ಓಣಿನ ಆ ಗೆರಿ ಒಳಗ ಬರ್ತಾವ.

ಮಾಳಗಿ ಮಳಿಗಾಲಕ್ಕ ಮೊದಲ ಕರಲು ಮಣ್ಣು ಹಾಕಿ ತುಳೀಬೇಕು. ಮೊದಲು ಅದನ್ನ ಮಾಡೂ ಆಳು ಇದ್ರು, ಈಗ ಸಿಗೂದಿಲ್ಲ. ತೊಲಿ, ಜಂತಿ ಹುಳಾ ಹಿಡದಾವ. ಮಳಿ ಬಂದ ರಾತ್ರಿ ನಮ್ಮ ಅತ್ತಿಯಾರು ಭಗೋಣಿ ಹಿಡಕೊಂಡು ಸೋರೂ ಕಡೆ ಇಟಗೋಂತ ಅಡ್ಡಾಡ್ತಾರ. ಅರ್ಜಿ ಕೊಟ್ಟು ಕುಂತೇವಿ. ಸ್ಮಾರಕ ಉಳೀಬೇಕು, ನನಗೂ ಅದು ಬೇಕು, ಸಣ್ಣಾಕಿ ಇದ್ದಾಗಿಂದ ಅದರ ಕಟ್ಟಿ ಮ್ಯಾಲ ಆಡಿ ಬೆಳದೇನಿ. ಆದ್ರ ಅದರ ಬಾಜೂಕ ಇದ್ದ ಮಂದಿನೂ ಉಳೀಬೇಕಲ್ರಿ. ಆರ್‌ಸಿಸಿ ಹಾಕಿಸಿಕೊಂಡವರನ್ನ ಬೈಬ್ಯಾಡ್ರಿ. ಸೋರಲಾರದ ಮನಿಯಾಗ ಮಲಗಬೇಕು ಅನ್ನೂದು ದೊಡ್ಡ ಆಸೆ ಅಲ್ಲ.

ಹಳೇ ಅಂಬಾಸಿಡರ್:

ಅಕ್ಕಾರ, ನೀವು ಹೇಳಿದ ಮಾತಿಗೆ ಎದರ ಆಡೂದಿಲ್ಲ. ನಾನು ಬೈದದ್ದು ಆರ್‌ಸಿಸಿಗಲ್ರಿ. ಆರ್‌ಸಿಸಿ ಮನಿಗೂ ಮೂರು ಫೂಟ್ ಛಜ್ಜಾ ಬಿಡಬಹುದು, ಮುಂದ ಪಡಸಾಲಿ ಬಿಡಬಹುದು, ಕಟ್ಟಿ ಕಟ್ಟಬಹುದು. ನಿಮ್ಮ ಮಾಳಗಿ ಮನಿಯಾಗ ಬೆಳಕಿಂಡಿ ಇರಬೇಕು, ಒಳಗ ಮಧ್ಯಾಹ್ನ ತಂಪು ಇರಬೇಕು. ಆ ಗುಣಾ ಹೊಸಾ ಮನಿಗೂ ಬರಲಿ ಅನ್ನೂದು ನನ್ನ ಮಾತು. ಸೋರಿಕೋಂತ ಇರ್ರಿ ಅಂತ ಯಾರಿಗೂ ಹೇಳೂದಿಲ್ಲ.

ರಿಪೇರಿ ಪರವಾನಗಿ ಲಗೂನ ಸಿಗೂವಂಗ ಆಗಬೇಕು. ಇದಕ್ಕ ಎಲ್ಲಾರೂ ದನಿ ಎತ್ತೂದು ಬರೋಬ್ಬರಿ.

ಗಚ್ಚು ಇಟ್ಟಿಗೆ:

ಅಕ್ಕ ಹೇಳಿದ್ದು ನಿಜ. ಇದಕ್ಕೆ ಒಂದು ಸೇರಿಸುತ್ತೇನೆ. ಇಂಗ್ಲಿಷರು 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಅರಕಿಲ್ಲಾದ, ಅಂದರೆ ಒಳಕೋಟೆಯ, ಹಳೆಯ ಮಹಲುಗಳನ್ನೇ ದುರಸ್ತಿ ಮಾಡಿ ಕಚೇರಿ, ಮನೆ ಮಾಡಿಕೊಂಡರು. ಅದರಿಂದ ಕೆಲವು ಕಟ್ಟಡಗಳ ರೂಪ ಕೆಟ್ಟಿತು ಕೂಡ. ಆದರೆ ಜನ ಒಳಗಿದ್ದ ಕಟ್ಟಡ ಉಳಿಯಿತು, ಖಾಲಿ ಬಿಟ್ಟದ್ದು ಬಿತ್ತು. ಗಗನ ಮಹಲ್ ನೋಡಿ. 1561ರ ಸುಮಾರಿಗೆ ಒಂದನೇ ಅಲಿ ಆದಿಲ್‌ಶಾಹ ಕಟ್ಟಿಸಿದ್ದು, ನಡುವಿನ ಕಮಾನೇ ಸುಮಾರು 20 ಮೀಟರ್ ಅಗಲ. 1686ರಲ್ಲಿ ಔರಂಗಜೇಬನ ಮುಂದೆ ಕೊನೆಯ ಸುಲ್ತಾನ ಸಿಕಂದರ್ ಶರಣಾದದ್ದು ಅಲ್ಲೇ ಎನ್ನುತ್ತಾರೆ. ಈಗ ಮೇಲೆ ಚಾವಣಿ ಇಲ್ಲ, ಕಮಾನು ಮಾತ್ರ. ಖಾಲಿ ಕಟ್ಟಡದ ಮರವನ್ನು ಯಾರೂ ಬಿಡುವುದಿಲ್ಲ.

ಬೆಂಗಳೂರಾಗ ವಿಜಾಪುರದವ:

ಕಾಕಾ, ಟಾಂಗಾದ ಬಗ್ಗೆ ಒಂದು ಮಾತೂ ಬರೆದಿಲ್ಲವಲ್ಲ. ನನಗೆ ಊರು ಅಂದರೆ ಸ್ಟೇಶನ್ ಹೊರಗಿನ ಟಾಂಗಾ ಸಾಲು. ಗೋಳಗುಮ್ಮಟ ಎಕ್ಸ್‌ಪ್ರೆಸ್ ಇಳಿದು ಅದರಲ್ಲಿ ಕೂತರೆ ಮನೆಗೆ ಬಂದ ಹಾಗೆ. ನೀವು ಟ್ಯಾಕ್ಸಿಯವರು, ಅವರು ನಿಮ್ಮ ಬಾಡಿಗೆ ಕಸಿಯುತ್ತಿದ್ದರೇ?

ಹಳೇ ಅಂಬಾಸಿಡರ್:

ಇಲ್ಲೋ ತಮ್ಮಾ. ಅವರ ಹಾದಿ ಬ್ಯಾರೆ, ನಮ್ಮದು ಬ್ಯಾರೆ. ಟಾಂಗಾ ಊರೊಳಗಿಂದು. ನಾವು ಬಾದಾಮಿ, ಕೂಡಲಸಂಗಮ, ಬಸವನ ಬಾಗೇವಾಡಿ, ಸೋಲಾಪುರ. ಟಾಂಗಾದವರಿಂದ ನಾ ಕಲತದ್ದು ಭಾಳ ಐತಿ. ಕುದರಿಗೆ ಬಿಸಿಲು ತಡಿಯಾಕ ಆಗೂದಿಲ್ಲ, ಹಿಂಗಾಗಿ ಯಾವ ಹೊತ್ತಿನಾಗ ಯಾವ ಗ್ವಾಡಿ ನೆರಳು ಎಲ್ಲಿ ಬೀಳತೈತಿ ಅನ್ನೂದು ಅವರಿಗೆ ಬಾಯಿಪಾಠ. ಬಾರಾ ಕಮಾನಿನಾಗ ಮ್ಯಾಲ ಚಾವಣಿ ಇಲ್ಲ, ಬರೇ ಕರಿಕಲ್ಲಿನ ಕಮಾನು. ಅದು ಎರಡನೇ ಅಲಿ ಆದಿಲ್‌ಶಾಹನ ಗೋರಿ, ಅವ 1672ರಾಗ ತೀರಿಕೊಂಡ, ಕೆಲಸ ಅರ್ಧಕ್ಕ ನಿಂತಿತು. ಮಧ್ಯಾಹ್ನ ಅಲ್ಲಿ ಯಾರೂ ಟಾಂಗಾ ಬಿಡ್ತಿದ್ದಿಲ್ಲ. ಮೆಹತರ ಮಹಲ್ ಮುಂದ ಬಿಡ್ತಿದ್ರು. ಓಣಿ ಸಣ್ಣದು, ಎತ್ತರದ ಕಟ್ಟಡ, ಮ್ಯಾಲಿಂದ ಚಾಚಿದ ಕಲ್ಲಿನ ಗವಾಕ್ಷಿ. ಆ ಗವಾಕ್ಷಿ ಹೊತ್ತ ಕಲ್ಲಿನ ಕೈ ನೋಡಿದ್ರ ಬಡಿಗ್ಯಾರು ಕಟ್ಟಿಗಿಯಾಗ ಕೆತ್ತ್ಯಾರೇನು ಅನ್ನಬೇಕು, ಅಷ್ಟು ತೆಳು. ಅದು ಬರೇ ಒಂದು ಬಾಗಲಾ, ಒಳಗ ಸಣ್ಣ ಮಸೂತಿ. ಪಾರ್ಟಿ ಯಾರೂ ಕೇಳ್ತಿದ್ದಿಲ್ಲ, ನಾನ ನಿಲ್ಲಿಸಿ ತೋರಸ್ತಿದ್ದೆ.

ಗಾಡಿ ವಿಷಯಾನ ಬಂತು, ಮಲಿಕ್-ಎ-ಮೈದಾನ್ ತೋಪಿನ ಮಾತೂ ಹೇಳಬೇಕು. ಭಾರ 55 ಟನ್. 1549ರಾಗ ಅಹಮದ್‌ನಗರದಾಗ ಮೊಹಮ್ಮದ್ ಬಿನ್ ಹಸನ್ ರೂಮಿ ಎರಕಾ ಹೊಯ್ದದ್ದು. ಅಲ್ಲಿಂದ ಪರಾಂಡಾ ಕೋಟಿಗೆ, ಪರಾಂಡಾದಿಂದ ಇಲ್ಲಿಗೆ. 400 ಎತ್ತು, 10 ಆನಿ ಹಚ್ಚಿ ಎಳದ್ರು ಅಂತ ಊರಾಗ ಹೇಳ್ತಾರ. ಎರಿಮಣ್ಣಿನ ಹಾದಿಯಾಗ ಮಳಿ ಬಂದ್ರ ಟ್ರ್ಯಾಕ್ಟರ್ ಹುಗೀತಾವ. ಆ ನೆಲದ ಮ್ಯಾಲ 55 ಟನ್ ತಂದವರ ಕಷ್ಟ ನೆನಸಿದ್ರ ತೋಪಿನ ಬಾಯಾಗಿನ ಸಿಂಹದ ಕೆತ್ತನಿಗಿಂತ ಆ ಹಾದಿನ ನನ್ನ ಕಣ್ಣಮುಂದ ಬರ್ತೈತಿ. ಅಲ್ಲಿಂದ ಮುಂದ ಉಪಲಿ ಬುರುಜ. 1584ರಾಗ ಕಟ್ಟಿದ್ದು, ಹೊರಗಿಂದ ಸುತ್ತಕೋಂತ ಹೋಗೂ ಪಾವಟಿಗಿ. ಅದರ ಮ್ಯಾಲ ಹತ್ತಿದ್ರ ಊರು ಪೂರ್ತಿ ಕಾಣತೈತಿ.

ಸಾಲಿ ಮೇಡಂ:

ಇಲ್ಲಿ ಎಲ್ಲರೂ ಗುಮ್ಮಟ, ಕಮಾನುಗಳ ಬಗ್ಗೆ ಬರೆದಿರಿ. ನಾನು ನೀರಿನ ಮಾತಿಗೆ ಮರಳುತ್ತೇನೆ. ಊರಿನ ದಕ್ಷಿಣಕ್ಕೆ ಬೇಗಂ ತಾಲಾಬ್ ಇದೆ, 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹ ಕಟ್ಟಿಸಿದ್ದು. ಅಲ್ಲಿಂದ ನೆಲದಡಿ ಮಣ್ಣಿನ ಕೊಳವೆಗಳಲ್ಲಿ ಊರಿಗೆ ನೀರು ಬರುತ್ತಿತ್ತು. ಕೊಳವೆಗಳ ಸುತ್ತ ಗಚ್ಚಿನ ಕಟ್ಟಡ. ದಾರಿಯುದ್ದಕ್ಕೂ ಅಲ್ಲಲ್ಲಿ ಎತ್ತರದ ಚೌಕ ಗೋಪುರಗಳು, ಅವೇ ಗಂಜ್. ನೀರು ಅದರಲ್ಲಿ ಮೇಲೇರಿ ಇಳಿಯುವುದರಿಂದ ಕೊಳವೆಯ ಮೇಲಿನ ಒತ್ತಡ ತಗ್ಗುತ್ತಿತ್ತು, ಹೂಳು ಅಲ್ಲೇ ತಳದಲ್ಲಿ ನಿಲ್ಲುತ್ತಿತ್ತು. ಪಶ್ಚಿಮದ ತೊರವಿ ಕಡೆಯಿಂದ ಸುರಂಗದ ಮೂಲಕ ಇನ್ನೊಂದು ನೀರಿನ ಹಾದಿ. ಆಸಾರ ಮಹಲ್ ಮುಂದಿನ ಕೊಳಕ್ಕೂ ಬೇಗಂ ತಾಲಾಬಿನ ನೀರೇ. ಆ ಮಹಲಿನ ಒಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿಲ್ಲ. ಹಾಗಾಗಿ ನಮ್ಮ ಹುಡುಗಿಯರಿಗೆ ನಾನು ತೋರಿಸುವುದು ಹೊರಗಿನ ನಾಲ್ಕು ಎತ್ತರದ ತೇಗದ ಕಂಬ ಮತ್ತು ಆ ಕೊಳ.

ಹೋದ ವರ್ಷ ಏಳನೇ ತರಗತಿ ಮಕ್ಕಳಿಗೆ ನಿಮ್ಮ ಓಣಿಯ ಗಂಜ್ ಹುಡುಕಿ ಬನ್ನಿ ಅಂತ ಹೇಳಿದೆ. ಒಬ್ಬ ಹುಡುಗ ಮರುದಿನ ಬಂದು, ಮೇಡಂ, ನಾವು ದಿನಾ ಕ್ರಿಕೆಟ್ ಆಡುವಾಗ ಸ್ಟಂಪ್ ಬರೆಯುವ ಗೋಡೆಯೇ ಅದು ಅಂದ. ಅವನ ಅಜ್ಜಿಗೆ ಗೊತ್ತಿತ್ತಂತೆ, ಅಪ್ಪನಿಗೆ ಗೊತ್ತಿರಲಿಲ್ಲ. ಇಡೀ ತರಗತಿ ಆ ಗೋಡೆ ನೋಡಲು ಹೋಯಿತು. ಒಡೆದ ಮೂಲೆಯಲ್ಲಿ ಕೊಳವೆಯ ದುಂಡು ಬಾಯಿ ಕಾಣುತ್ತದೆ, ಒಳಗೆ ಕೈ ಹಾಕಿದರೆ ಮಣ್ಣಿನ ನುಣುಪು ಹತ್ತುತ್ತದೆ. ಮಕ್ಕಳು ಸಾಲಾಗಿ ನಿಂತು ಒಬ್ಬೊಬ್ಬರೇ ಕೈ ಹಾಕಿ ನೋಡಿದರು. ಈಗ ಅವರು ಅಲ್ಲಿ ಸ್ಟಂಪ್ ಬರೆಯುವುದಿಲ್ಲ. ನಾನು ಬರೆಯಬೇಡಿ ಅಂತ ಹೇಳಿರಲಿಲ್ಲ.

ಅರಕಿಲ್ಲಾ ಓಣಿ:

ಮೇಡಂ, ಇದನ್ನ ಓದಿ ಕಣ್ಣಾಗ ನೀರು ಬಂತು. ನಮ್ಮ ಮಗಳನ್ನೂ ಕರಕೊಂಡ ಹೋಗ್ತೀನಿ. ಆ ಗಂಜ್ ಯಾವ ಕಡೆ ಐತಿ?

ಹಳೇ ಅಂಬಾಸಿಡರ್:

ಮೇಡಂ, ನಿಮ್ಮಂಥವರು ಪ್ರತಿ ಸಾಲಿಗೆ ಒಬ್ಬರು ಇದ್ರ ಸಾಕ್ರಿ. 2014ರಾಗ ನಮ್ಮ ಸ್ಮಾರಕಗಳು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರ್ಯಾವ, ಬೀದರ, ಕಲಬುರ್ಗಿ, ಗೋಲ್ಕೊಂಡಾ ಜೋಡಿ. ಆ ಪಟ್ಟಿ ಗಟ್ಟಿ ಆಗಬೇಕಂದ್ರ ದೊಡ್ಡ ಕಟ್ಟಡ ಅಷ್ಟ ಅಲ್ಲ, ಓಣಿಯಾಗಿನ ಈ ಗಂಜ್, ಕೊಳವಿ ಎಲ್ಲಾನೂ ಉಳೀಬೇಕು.

ಬೆಂಗಳೂರಾಗ ವಿಜಾಪುರದವ:

ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆಗೆ ಊರಿಗೆ ಬರ್ತೀನಿ ಕಾಕಾ. ಒಂದು ದಿನ ಸಿಕ್ಕರೆ ನೀವು ಹೇಳಿದ ಹಾಗೆ ಊರು ನೋಡಬೇಕು. ಎಲ್ಲಿಂದ ಶುರು ಮಾಡಲಿ?

ಹಳೇ ಅಂಬಾಸಿಡರ್:

ಜಾತ್ರ್ಯಾಗ ಊರೊಳಗ ಗಾಡಿ ತರಬ್ಯಾಡ, ನಿಲ್ಲಸಾಕ ಜಾಗಾ ಸಿಗೂದಿಲ್ಲ. ಮುಂಜಾನೆ ಆಟೋದಾಗ ಇಬ್ರಾಹಿಂ ರೋಜಾಕ್ಕ ಹೋಗು, ಆ ಹೊತ್ತಿನಾಗ ಮಂದಿ ಇರೂದಿಲ್ಲ, ಪೂರ್ವದ ಬೆಳಕು ಪಡಸಾಲಿ ಒಳಗ ಬರ್ತೈತಿ. ಅಲ್ಲಿಂದ ನಡಕೋಂತ ಮಕ್ಕಾ ಅಗಸಿ, ತಾಜ್ ಬಾವಡಿ. ಪಾವಟಿಗಿ ಜಾರ್ತಾವ, ಸಂಭಾಳಿಸು. ಆಮ್ಯಾಲ ಜಾಮಿಯಾ ಮಸೂತಿ. ಮಧ್ಯಾಹ್ನ ಎಲ್ಲರೆ ಖಾನಾವಳ್ಯಾಗ ಬಿಳಿಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಉಣ್ಣು. ಉಂಡು ಒಂದು ತಾಸು ಅಡ್ಡ ಆಗು. ಸಂಜಿಮುಂದ ಮೆಹತರ ಮಹಲ್, ಉಪಲಿ ಬುರುಜ. ಗೋಳಗುಮ್ಮಟ ಮರುದಿನ ಮುಂಜಾನೆಗೆ ಇಟಗೋ.

ಬರೂ ಮೊದಲ ಇಲ್ಲೇ ಒಂದು ಮಾತು ಬರಿ. ಗಾಡಿ ಮಾರೇನಿ, ಆದ್ರ ನಡಿಯಾಕ ಇನ್ನೂ ಬರ್ತೈತಿ, ಸಾವಕಾಶ ನಡದ್ರ ಜೋಡಿ ಬರ್ತೀನಿ. ಮೇಡಂ, ಆ ಗಂಜ್ ಯಾವ ಓಣಿಯಾಗ ಐತಿ ಅಂತ ಅಕ್ಕಾರಿಗೂ ನನಗೂ ಹೇಳ್ರಿ. ಅದನ್ನ ನಾನೂ ನೋಡಿಲ್ಲ.

ಸಾಲಿ ಮೇಡಂ:

ಮನಗೂಳಿ ಅಗಸಿ ಕಡೆ ಬನ್ನಿ ಕಾಕಾ. ಶನಿವಾರ ಅರ್ಧ ದಿನ ಶಾಲೆ, ಆ ಹುಡುಗನೇ ಬಂದು ನಿಮಗೆ ತೋರಿಸುತ್ತಾನೆ.